ಪ್ಯಾರಿಸ್ ದಾರಿಯಲ್ಲಿ ಅತ್ತೆಯ ಸಂಜೆಪೂಜೆ

ಮನೆ ಬಿಡುವಾಗ ಅತ್ತೆ ನಮ್ಮ ಕೀಲಿಕೈಯನ್ನು ಪಕ್ಕದ ಮನೆಯ ಸುಲಭಾತಾಯಿಗೆ ಕೊಟ್ಟು, ದಿನಾ ಸಂಜೆ ಏಳಕ್ಕೆ ದೇವರ ಮುಂದೆ ದೀಪ ಹಚ್ಚಬೇಕೆಂದು ಮರಾಠಿಯಲ್ಲಿ ಹೇಳಿದರು. ಹನ್ನೊಂದು ದಿನಕ್ಕೆ ಹನ್ನೊಂದು ಬತ್ತಿ ಹೊಸೆದು ಡಬ್ಬಿಯಲ್ಲಿಟ್ಟಿದ್ದರು. ಸುಲಭಾತಾಯಿ ತಲೆಯಾಡಿಸಿದರು. ಅತ್ತೆ ಮತ್ತೊಮ್ಮೆ ಹೇಳಿದರು. ಆಟೋದಲ್ಲಿ ಕೂತ ಮೇಲೆ ತಲೆ ಹೊರಗೆ ಹಾಕಿ ಮೂರನೆಯ ಸಲವೂ ಹೇಳಿದರು.

ನಾಸಿಕ್‌ನ ಪಂಚವಟಿಯ ನಮ್ಮ ಓಣಿಗೆ ದೊಡ್ಡ ಬಸ್ಸು ಬರುವುದಿಲ್ಲ. ಆಟೋ ಹಿಡಿದು ಹೆದ್ದಾರಿಗೆ ಹೋಗಿ ಪ್ಯಾರಿಸ್ ಟೂರಿನ ಬಸ್ಸು ಹತ್ತಿದಾಗ ಬೆಳಗಿನ ಆರು ಗಂಟೆ. ಸಂಭಾಜಿನಗರದಿಂದ ಹಿಂದಿನ ದಿನವೇ ಬಂದು ತಂಗಿದ್ದ ಹನ್ನೆರಡು ಜನ ಆಗಲೇ ಕಿಟಕಿಯ ಸೀಟುಗಳನ್ನೆಲ್ಲ ಹಿಡಿದಿದ್ದರು. ಮೇ ತಿಂಗಳ ಕೊನೆ. ಅಷ್ಟು ಹೊತ್ತಿಗೇ ಸೀಟಿನ ರೆಕ್ಸಿನ್ ಬೆಚ್ಚಗಿತ್ತು. ಘೋಟಿಯಲ್ಲಿ ಪೋಹೆ, ಚಹಾ ಆಯಿತು. ಮುಂಬೈ ವಿಮಾನ ನಿಲ್ದಾಣ ಮುಟ್ಟುವಾಗ ಹತ್ತು ಗಂಟೆ.

ಎರಡು ವಿಮಾನಗಳಲ್ಲಿ ಹಗಲಿನದನ್ನು ಆರಿಸಿದವಳು ನಾನೇ. ಭಾಲ್ಕಿ ಕಡೆಯವರಾದ ನಮ್ಮ ಅತ್ತೆಗೆ ಈಗ ಎಪ್ಪತ್ತನಾಲ್ಕು. ಇಷ್ಟಲಿಂಗ ಪೂಜೆಯಾಗದೆ ಊಟ ಮುಟ್ಟುವವರಲ್ಲ. ಬೆಳಿಗ್ಗೆ ಒಮ್ಮೆ, ಹೊತ್ತು ಮುಳುಗಿದ ಮೇಲೆ ಒಮ್ಮೆ. ಒಂದು ಪೂಜೆ ಮನೆಯಲ್ಲೇ ಆಗುತ್ತದೆ, ಇನ್ನೊಂದು ಕತ್ತಲಾದ ಮೇಲೆ ವಿಮಾನದಲ್ಲೇ ಆದೀತು ಎಂದು ಲೆಕ್ಕ ಹಾಕಿದ್ದೆ. ಗುಲಾಬಿ ನೀರಿನ ಪುಟ್ಟ ಶೀಶೆಯನ್ನು ತೊಳೆದು ಅದರಲ್ಲಿ ಗೋದಾವರಿ ನೀರು ತುಂಬಿಕೊಂಡಿದ್ದೆ. ವಿಭೂತಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಎಲ್ಲ ಕೈಚೀಲದಲ್ಲಿದ್ದವು.

ತಪಾಸಣೆಯಲ್ಲಿ ಅತ್ತೆಯ ಕೊರಳಲ್ಲಿ ಇಷ್ಟಲಿಂಗವಿದ್ದ ಬೆಳ್ಳಿ ಕರಡಿಗೆ ಸದ್ದು ಮಾಡಿತು. ತೆಗೆದು ತಟ್ಟೆಯಲ್ಲಿಡಿ ಎಂದರು. ಅತ್ತೆ ಅದನ್ನು ಮುಷ್ಟಿಯಲ್ಲಿ ಹಿಡಿದು ಅಲುಗಾಡದೆ ನಿಂತರು. ಅದು ಮೈ ಬಿಟ್ಟು ಇರುವಂಥದ್ದಲ್ಲ ಎಂದು ನಾನು ಹಿಂದಿಯಲ್ಲಿ ವಿವರಿಸಿದೆ. ಕಾವಲಿನ ಹೆಂಗಸು ಅತ್ತೆಯನ್ನು ಪರದೆಯ ಹಿಂದೆ ಕರೆದೊಯ್ದು, ಕರಡಿಗೆ ತೆರೆಸಿ, ಮುಟ್ಟದೆಯೇ ನೋಡಿ ಬಿಟ್ಟಳು. ಹೊರಬಂದ ಅತ್ತೆ ಅವಳ ಬಳೆ ಚೆಂದ ಇದ್ದವು ಎಂದರು.

ಒಂದೂವರೆಗೆ ವಿಮಾನ ಹೊರಟಿತು. ಪ್ಯಾರಿಸ್‌ಗೆ ಒಂಬತ್ತೂವರೆ ತಾಸು. ಅತ್ತೆ ಕಿಟಕಿಗೆ, ನಾನು ನಡುವೆ, ಆಚೆ ನಮ್ಮ ಮನೆಯವರು. ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ರಿವೆಟ್ ಹೊಡೆದವರಿಗೆ ಇಷ್ಟು ದೂರದ ಹಾರಾಟ ಇದೇ ಮೊದಲು. ಊಟ ಬಂದರೂ ಅವರ ಕಣ್ಣು ರೆಕ್ಕೆಯ ಮೇಲೇ ಇತ್ತು.

ಅತ್ತೆಯ ಕೈಗಡಿಯಾರದಲ್ಲಿ ಏಳು ಹೊಡೆಯಿತು. ರೂಢಿಯಂತೆ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ, ಪೂಜೆಗೆಂದು ಕಿಟಕಿಯ ಮುಚ್ಚಳ ಎತ್ತಿದರು. ಹೊರಗೆ ಕಣ್ಣು ಕೋರೈಸುವ ಬಿಸಿಲು. ಪಶ್ಚಿಮಕ್ಕೆ ಹೋಗುವ ನಮ್ಮ ಜೊತೆಗೇ ಸೂರ್ಯನೂ ಬರುತ್ತಾನೆ ಎಂಬುದು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ಎದುರಿನ ಪರದೆಯ ನಕ್ಷೆಯಲ್ಲಿ ನಾವು ಕಪ್ಪು ಸಮುದ್ರದ ಹತ್ತಿರ ಇದ್ದೆವು.

"ಅತ್ತೀ, ಗುಳಿಗಿ ತಗೊಂಡು ಅರ್ಧ ತಾಸಾತ್ರಿ. ರೊಟ್ಟಿ ಮುರದು ಕೊಡ್ಲೇನ್ರಿ?"

"ಪೂಜಿ ಆಗಿಲ್ಲಲ್ಲ. ಹೊತ್ತು ಎಲ್ಲಿ ಮುಳುಗ್ಯಾದ?"

ನಮ್ಮ ಮನೆಯವರು ನನ್ನ ಮೇಲಿಂದ ಬಾಗಿ ಮುಚ್ಚಳ ಎಳೆದರು. "ನೋಡವ್ವಾ, ಕತ್ತಲಾತು."

"ನೀ ಸಣ್ಣಾಂವ ಇದ್ದಾಗೂ ಕಣ್ಣು ಮುಚ್ಕೊಂಡು, ನಾ ಕಾಣಂಗಿಲ್ಲ ಅಂತಿದ್ದಿ," ಎಂದು ಅತ್ತೆ ಮತ್ತೆ ಎತ್ತಿದರು.

ಪ್ಯಾರಿಸ್ ಮುಟ್ಟುವ ತನಕ ಕತ್ತಲಾಗುವುದಿಲ್ಲ, ಇನ್ನೂ ಮೂರೂವರೆ ತಾಸು ಇದೆ ಎಂದು ಅವರು ತಾಯಿಗೆ ತಿಳಿಸಿ ಹೇಳಿದರು. ಆಗಲಿ, ಕಾಯುತ್ತೇನೆ ಎಂದರು ಅತ್ತೆ. ಗುಳಿಗೆ ಗಡಿಯಾರದ್ದು, ಪೂಜೆ ಸೂರ್ಯನದ್ದು. ಎರಡನ್ನೂ ಅವರು ಎಂದೂ ಕೂಡಿಸಿ ನೋಡಿದವರಲ್ಲ. ಊರಲ್ಲಿ ಎರಡೂ ತಾವಾಗಿಯೇ ಕೂಡಿಬರುತ್ತಿದ್ದವು. ಹಿಂದೊಮ್ಮೆ ಮದುವೆ ಮನೆಯಲ್ಲಿ ಹೀಗೇ ಗುಳಿಗೆ ನುಂಗಿ ಉಣ್ಣದೆ ಇದ್ದು ಕಣ್ಣು ಕತ್ತಲೆ ಬಂದು ಬಿದ್ದಿದ್ದರು.

ಸ್ವಲ್ಪ ಹೊತ್ತಿನಲ್ಲಿ ಅವರ ಬಳೆಗಳು ಮುಂದಿನ ಊಟದ ಹಲಗೆಗೆ ತಾಗಿ ಕಿಣಿಕಿಣಿ ಎನ್ನತೊಡಗಿದವು. ಕೈ ನಡುಗುತ್ತಿತ್ತು. ಹಣೆಯ ವಿಭೂತಿಯ ಮೇಲೆ ಬೆವರು. ಚಹಾದ ಜೊತೆ ಬಂದಿದ್ದ ಸಕ್ಕರೆ ಪೊಟ್ಟಣ ಹರಿದು ಬಾಯಿಗೆ ಹಿಡಿದೆ, ತುಟಿ ಬಿಗಿದರು. ಅವರನ್ನು ಮಾತಾಡಿಸುತ್ತಲಾದರೂ ಇರೋಣವೆಂದು ತೋಚಿದ್ದನ್ನು ಕೇಳಿದೆ.

"ಸುಲಭಾತಾಯಿ ಈಗ ದೀಪ ಹಚ್ಚಿರ್ತಾರಲ್ರಿ?"

ಅತ್ತೆ ಗಡಿಯಾರ ನೋಡಿದರು. ಏಳೂ ಮುಕ್ಕಾಲು. "ಹಚ್ಚಿರ್ತಾಳ. ಮೂರು ಸಲ ಹೇಳೀನಿ." ಕಿಟಕಿಯ ಕಡೆ ನೋಡಿದರು, ಮತ್ತೆ ಗಡಿಯಾರ ನೋಡಿದರು. "ಹಂಗಂದ್ರ ಮನ್ಯಾಗ ಸಂಜಿ ಆಗ್ಯಾದ."

ನಾನು ಸಕ್ಕರೆ ಪೊಟ್ಟಣ ಕೆಳಗಿಟ್ಟೆ.

"ಸುನಂದಾ, ನೀರು ಕೊಡು."

ಹಲಗೆಯ ಮೇಲೆ ಬಿಳಿ ಕರವಸ್ತ್ರ ಹಾಸಿದೆ. ಅತ್ತೆ ಎಡಗೈಯಲ್ಲಿ ಲಿಂಗವಿಟ್ಟುಕೊಂಡು, ವಿಭೂತಿ ಹಚ್ಚಿ, ಗುಲಾಬಿಯ ವಾಸನೆ ಇನ್ನೂ ಹೋಗಿರದ ಗೋದಾವರಿ ನೀರನ್ನು ಮೂರು ಹನಿ ಬಿಟ್ಟರು. ಕೈ ಮಾತ್ರ ನಡುಗುತ್ತಲೇ ಇತ್ತು. ಅಡಿಯಿಂದ ನನ್ನ ಅಂಗೈ ಕೊಟ್ಟೆ. ಮುಚ್ಚಳ ಎಳೆಯಿರಿ ಎನ್ನಲು ಬಂದ ಗಗನಸಖಿ ಅರೆಗಳಿಗೆ ನಿಂತು, ಹೇಳದೆ ಹೋದಳು. ಚಿಕ್ಕವಳಿದ್ದಾಗ ಕಾನ್ವೆಂಟಿನಲ್ಲಿ ಊಟಕ್ಕೆ ಮುಂಚೆ ಪ್ರಾರ್ಥಿಸುವಾಗ ನಾನು ಒಂದು ಕಣ್ಣು ತೆರೆದು ಎಲ್ಲರ ಡಬ್ಬಿ ನೋಡುತ್ತಿದ್ದೆ. ಅವತ್ತು ಎರಡೂ ಕಣ್ಣು ತೆರೆದೇ ಇದ್ದವು, ಅತ್ತೆಯ ಮುಖದ ಮೇಲೆ. ರೊಟ್ಟಿಯ ಮೊದಲ ತುಣುಕು ಮುರಿದ ಸದ್ದು ಹಿಂದಿನ ಸೀಟಿನವರಿಗೂ ಕೇಳಿರಬೇಕು. ಎರಡನೆಯ ರೊಟ್ಟಿಯ ಹೊತ್ತಿಗೆ ಬಳೆಗಳು ಸುಮ್ಮನಾದವು. ಚಟ್ನಿಗೆ ಉಪ್ಪು ಕಡಿಮೆ ಎಂದರು. ಇನ್ನು ಭಯವಿಲ್ಲ ಎಂದುಕೊಂಡೆ.

ಪ್ಯಾರಿಸ್‌ನಲ್ಲಿ ಇಳಿದಾಗ ಅಲ್ಲಿಯ ಏಳೂವರೆ. ಬಿಸಿಲು ಹಾಗೇ ಇತ್ತು. ಹೋಟೆಲಿನ ಕೋಣೆಯಲ್ಲಿ ಪೆಟ್ಟಿಗೆ ಬಿಚ್ಚುವಾಗ, ಒಂಬತ್ತೂವರೆಯ ಸುಮಾರಿಗೆ, ಎದುರಿನ ಹೊಗೆಕೊಳವೆಗಳ ಹಿಂದೆ ಸೂರ್ಯ ಇಳಿದ. ಅತ್ತೆ ಕೈಮುಗಿದು ಮಲಗಿದರು. ನಾವೆಲ್ಲ ಗಡಿಯಾರ ತಿದ್ದಿಕೊಂಡೆವು. ಅವರದು ಹನ್ನೊಂದು ದಿನವೂ ನಾಸಿಕ್‌ನ ಸಮಯದಲ್ಲೇ ಇತ್ತು.

ಊರಿಗೆ ಮರಳಿದ ದಿನ ಸುಲಭಾತಾಯಿ ಕೀಲಿಕೈ ಜೊತೆಗೆ ಬತ್ತಿಯ ಖಾಲಿ ಡಬ್ಬಿಯನ್ನೂ ತಂದರು. ಕೂತು ಚಹಾ ಕುಡಿದು, ಹೋಗುವಾಗ ಬಾಗಿಲಲ್ಲಿ ನಿಂತು, ಮೊದಲ ದಿನ ಮಾತ್ರ ತಪ್ಪಾಯಿತು ಎಂದರು. ಗಂಗಾಪುರದಲ್ಲಿ ಸೋದರಳಿಯನ ನಿಶ್ಚಯ ಇತ್ತಂತೆ, ಬಸ್ಸು ತಡವಾಗಿ, ದೀಪ ಹಚ್ಚುವಾಗ ಒಂಬತ್ತೂವರೆ ದಾಟಿತ್ತಂತೆ.

ನಾನು ಅತ್ತೆಯ ಮುಖ ನೋಡಲಾರದೆ ಚಹಾದ ಕಪ್ಪುಗಳನ್ನು ಎತ್ತಿಕೊಂಡೆ. ಅತ್ತೆ ಇರಲಿ ಬಿಡು ಎಂದು ಮರಾಠಿಯಲ್ಲಿ ಅವರಿಗೆ ಹೇಳಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ನೋಡಿದ್ಯಾ, ಅದಕ್ಕೇ ಅವತ್ತು ಸೂರ್ಯ ಕಾಯ್ಕೋತ ನಿಂತಿದ್ದ."