ಗಂಟಕ್ಕ ಬಿಚ್ಚಿದ ಗಂಟು

ನಮ್ಮ ಅತ್ತಿಗೆಗೆ ಆಫೀಸಿನಲ್ಲಿ ‘ಗಂಟಕ್ಕ’ ಎಂದೇ ಹೆಸರು. ಆಸ್ಪತ್ರೆಯಲ್ಲಿ ರೋಗಿಯ ಮೈಗೆ ಔಷಧಿ ಹರಿಸುವ ಪಂಪುಗಳಿಗೆ ಸಾಫ್ಟ್‌ವೇರ್ ಕಳಿಸುವುದು ಅವರ ಕೆಲಸ. ಮುಖ್ಯ ಪ್ರೋಗ್ರಾಂ, ಅದು ನೆಚ್ಚಿಕೊಂಡ ‘ಲೈಬ್ರರಿ’ ಎಂಬ ಸಹಾಯಕ ಫೈಲುಗಳು, ಎಲ್ಲವನ್ನೂ ಒಂದೇ ಗಂಟಾಗಿ ಕಟ್ಟಿ ಕಳಿಸುತ್ತಾರೆ. ಬಿಡಿ ಫೈಲು ಕೇಳಿದರೆ, ಜಪ್ಪಯ್ಯ ಅಂದರೂ ಕೊಡುವವರಲ್ಲ. ಇದೆಂಥ ಹಟವೋ ಎಂದು ನಾನೂ ಆಡಿಕೊಂಡಿದ್ದೇನೆ.

ಆ ಗಂಟನ್ನು ಅವರು ಬಿಚ್ಚಿದ್ದು ನಮ್ಮಮ್ಮನಿಗಾಗಿ. ಆಪರೇಷನ್ ಆಗಿ ಮಲಗಿದ್ದ ಅಮ್ಮನ ಪಕ್ಕದ ಪಂಪು ಸುಮ್ಮಸುಮ್ಮನೆ ಕೂಗಿಕೊಳ್ಳುತ್ತಿತ್ತು. ಅಮ್ಮನಿಗೆ ರೆಪ್ಪೆ ಅಂಟುತ್ತಿರಲಿಲ್ಲ. ಆಸ್ಪತ್ರೆಯ ಮೆಕ್ಯಾನಿಕ್ ಅತ್ತಿಗೆಗೆ ಫೋನ್ ಮಾಡಿದ.

“ಅಕ್ಕಾ, ಈ ಕೂಗಾಟ ಹೊಸ ಲೈಬ್ರರಿಲಿ ಸರಿಹೋಗಿದೆಯಂತಲ್ಲ, ಅದೊಂದೇ ಫೈಲ್ ಕಳಿಸಿ. ಪೂರ್ತಿ ಪ್ಯಾಕೇಜು ನಮ್ಮ ನೆಟ್ಟಲ್ಲಿ ಇಳಿಯೋ ಹೊತ್ತಿಗೆ ನಿಮ್ಮತ್ತೆ ಮನೆಗೇ ಬಂದಿರ್ತಾರೆ.”

“ಬಿಡಿಯಾಗಿ ಕೊಡೋ ಹಾಗಿಲ್ಲಪ್ಪ.”

“ಕೊಟ್ರೆ ನಿಮ್ಮಪ್ಪನ ಮನೆ ಗಂಟೇನು ಹೋಗುತ್ತೆ?”

ಅತ್ತಿಗೆ ನಕ್ಕರು. ಕಳಿಸಿಯೂ ಬಿಟ್ಟರು.

ಮಧ್ಯಾಹ್ನ ಅವರ ಆಫೀಸಿಗೆ ಹೋಗಿ ಊಟದ ಡಬ್ಬಿ ಕೊಟ್ಟು, “ಇನ್ನೊಂದು ಗಂಟೆಗೆ ಅಮ್ಮನ ಹತ್ರ ಹೋಗ್ತೀನಿ” ಎಂದೆ. ಗಂಟೆ ಎನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಅತ್ತಿಗೆಯ ಮುಖ ಬಿಳಿಚಿಕೊಂಡಿತು.

“ಅಯ್ಯೋ! ಅಲ್ಲಿರೋ ಹಳೇ ಪ್ರೋಗ್ರಾಂ ಗಂಟೆಗಿಷ್ಟು ಔಷಧಿ ಅಂತ ಹೇಳುತ್ತೆ. ಹೊಸ ಲೈಬ್ರರಿ ಅದನ್ನ ನಿಮಿಷಕ್ಕಿಷ್ಟು ಅಂದ್ಕೊಳ್ಳುತ್ತೆ. ಹಳೇ ಲೈಬ್ರರಿಗೂ ಹೊಸದಕ್ಕೂ ಫೈಲ್ ಹೆಸರು ಒಂದೇ, ನಂಗೆ ಹೊಳೀಲೇ ಇಲ್ಲ!”

ಒಂದು ಗಂಟೆಯ ಔಷಧಿ ಒಂದೇ ನಿಮಿಷದಲ್ಲಿ ಅಮ್ಮನ ಮೈ ಸೇರುತ್ತದೆ. ಅತ್ತಿಗೆ ಫೋನ್ ಹಚ್ಚಿದರು. ಮೆಕ್ಯಾನಿಕ್ ಫೋನ್ ಎತ್ತಲಿಲ್ಲ, ವಾರ್ಡಿನ ಫೋನ್ ಬಿಡುವಾಗಲಿಲ್ಲ. ಆಸ್ಪತ್ರೆ ಆಫೀಸಿನ ಹಿಂದಿನ ಬೀದಿಯಲ್ಲೇ ಇತ್ತು. ಅತ್ತಿಗೆ ಚಪ್ಪಲಿಯನ್ನೂ ಮೆಟ್ಟದೆ ಓಡಿದರು, ಹಿಂದೆ ನಾನು. ಮೆಟ್ಟಿಲು ಹತ್ತುವಾಗ, “ದೇವರೇ, ಆ ಪಂಪು ಕೂಗ್ತಾ ಇರ್ಲಿ, ಇನ್ನೂ ಕೂಗ್ತಾ ಇರ್ಲಿ” ಎನ್ನುತ್ತಿದ್ದರು.

ವಾರ್ಡಿನಲ್ಲಿ ಸದ್ದೇ ಇರಲಿಲ್ಲ. ಅಮ್ಮ ಕಣ್ಣು ಮುಚ್ಚಿದ್ದಳು, ಬಾಯಿ ಅರೆ ತೆರೆದಿತ್ತು. ಹತ್ತಿರ ಹೋಗಲು ನನಗೆ ಧೈರ್ಯವಾಗಲಿಲ್ಲ.

ಮೆಕ್ಯಾನಿಕ್ ಪಂಪು ನಿಲ್ಲಿಸಿ, ಹೊಸ ಫೈಲು ಹಾಕಿ ಹೋಗಿಯಾಗಿತ್ತು. ನರ್ಸ್ ಔಷಧಿ ಜೋಡಿಸಿ, ಪಂಪನ್ನು ಮತ್ತೆ ಶುರುಮಾಡಲು ಬೆರಳು ಚಾಚಿದ್ದಳು.

“ಒತ್ಬೇಡಿ!” ಅತ್ತಿಗೆ ಕಿರುಚಿ, ಅವಳ ಕೈ ಎಳೆದು, ಅಮ್ಮನ ತೋಳಿಗೆ ಹೋಗುವ ಕೊಳವೆಯನ್ನು ಮಡಚಿ ಹಿಡಿದರು.

ಅಮ್ಮ ಬೆಚ್ಚಿ ಕಣ್ಣು ಬಿಟ್ಟಳು. “ಏನಮ್ಮಾ ಇದು, ಈಗ ತಾನೇ ನಿದ್ದೆ ಹತ್ತಿತ್ತು” ಎಂದಳು. ಆಮೇಲೆ ನರ್ಸಿನ ಕಡೆ ತಿರುಗಿ, “ಈ ಮಷೀನು ಬಾಯಿ ಮುಚ್ಚಿಸಿದ್ದು ನಮ್ಮ ಸೊಸೇನೇ. ನನಗೋಸ್ಕರ” ಎಂದು ಹೆಮ್ಮೆಯಿಂದ ಹೇಳಿಕೊಂಡಳು.

ಅತ್ತಿಗೆ ಕೊಳವೆಯನ್ನು ಇನ್ನೂ ಬಿಟ್ಟಿರಲಿಲ್ಲ.