ದಿನಕ್ಕೆ ಮೂರೇ ಬಾಬಿನ್

ಓಣಿಯವರೆಲ್ಲ ಆಕೆಯನ್ನು ಟೈಲರಕ್ಕ ಎಂದೇ ಕರೆಯುತ್ತಿದ್ದರು. ಕೀಲುನೋವು ಶುರುವಾಗಿ ನಾಲ್ಕು ವರ್ಷವಾಗಿತ್ತು. ನೋವನ್ನು ಹೇಗೋ ಹಲ್ಲು ಕಚ್ಚಿ ಸಹಿಸುತ್ತಿದ್ದಳು; ಸಹಿಸಲಾಗದ್ದು ಸುಸ್ತು. ಎಷ್ಟು ಮಲಗಿ ಎದ್ದರೂ ನೆನೆದ ಕಂಬಳಿ ಹೊದ್ದಂತೆ ಮೈಯೆಲ್ಲ ಭಾರ. ಅಪರೂಪಕ್ಕೆ ಮೈ ಹಗುರಾಯಿತೆಂದರೆ ಇನ್ನೂ ಕಷ್ಟ. ಬಾಕಿ ಕೆಲಸವನ್ನೆಲ್ಲ ಅಂದೇ ಮುಗಿಸಲು ಹೋಗಿ ಮುಂದಿನ ನಾಲ್ಕು ದಿನ ಹಾಸಿಗೆ ಹಿಡಿಯುತ್ತಿದ್ದಳು. ಹೀಗಾಗಿ ಕೊನೆಗೆ ಹೊಲಿಗೆಯೇ ನಿಂತುಹೋಗಿತ್ತು.

ಎರಡು ವರ್ಷದ ಮೇಲೆ ಒಪ್ಪಿಕೊಂಡ ಮೊದಲ ಕೆಲಸ, ಮಗಳ ಶಾಲೆಯ ನಾಟಕಕ್ಕೆ ಪರದೆ. ಶನಿವಾರ ಸಂಜೆ ನಾಟಕ, ಮಗಳೇ ರಾಜ. ಪರದೆ ಹೊಲಿದುಕೊಟ್ಟು ಮನೆಯಲ್ಲಿ ಬಿದ್ದುಕೊಳ್ಳಲು ಟೈಲರಕ್ಕನಿಗೆ ಇಷ್ಟವಿರಲಿಲ್ಲ. ಅದು ಸರಿಯುವಾಗ ಎದುರಿಗೆ ಕೂತಿರಬೇಕು. ಮಗಳ ಒಂದು ನಾಟಕವನ್ನೂ ಆಕೆ ಈವರೆಗೆ ನೋಡಿರಲಿಲ್ಲ.

ಸುಸ್ತಾಗುವ ಮುಂಚೆಯೇ ನಿಲ್ಲಿಸಬೇಕು ಎಂದು ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಮೇಡಂ ಹೇಳಿದ್ದರು. ಆದರೆ ಹೊಲಿಯಲು ಕೂತವಳಿಗೆ ಅದು ನೆನಪಾಗಬೇಕಲ್ಲ? ಬಸ್ ಕಂಡಕ್ಟರ್ ಆಗಿದ್ದ ಗಂಡ ಒಂದು ಉಪಾಯ ಹೂಡಿದ. ದಿನಾ ಬೆಳಿಗ್ಗೆ, ಮಷೀನಿನ ಸೂಜಿಯಡಿ ಕೂರಿಸುವ ಮೂರು ಬಾಬಿನ್‌ಗಳಿಗೆ ಅರ್ಧರ್ಧ ದಾರ ಸುತ್ತಿಡುತ್ತಿದ್ದ. ಒಂದು ಮುಗಿದರೆ ಎದ್ದು ಅರ್ಧ ಗಂಟೆ ಮಲಗಬೇಕು. ಮೂರೂ ಮುಗಿದರೆ ಅಂದಿನ ಹೊಲಿಗೆ ಮುಗಿದಂತೆ.

ಗುರುವಾರ ಮೈ ಹೂವಿನಷ್ಟು ಹಗುರವಾಗಿತ್ತು. ಮಧ್ಯಾಹ್ನಕ್ಕೇ ಮೂರೂ ಖಾಲಿ. ನಾಲ್ಕನೆಯದನ್ನು ತಾನೇ ಸುತ್ತಿಕೊಳ್ಳೋಣವೆಂದು ನೋಡಿದರೆ, ಮಷೀನಿನಲ್ಲಿ ದಾರ ಸುತ್ತುವ ಚಕ್ರದ ರಬ್ಬರ್ ಉಂಗುರವೇ ಇಲ್ಲ. ಗಂಡನಿಗೆ ಫೋನು ಮಾಡಿದಳು.

"ರೀ, ರಬ್ಬರ್ ಎಲ್ಲಿ?"

"ನನ್ನ ಬ್ಯಾಗಲ್ಲಿದೆ. ಟಿಕೆಟ್ ತಗೊಂಡು ಬಸ್ ಹತ್ತು, ಕೊಡ್ತೀನಿ."

"ಹೆಂಡ್ತಿ ಮನೇಲೇ ಕಳ್ಳತನ ಮಾಡ್ತೀರಲ್ಲ, ನಾಚಿಕೆ ಆಗಲ್ವಾ?"

ಆ ಕಡೆ ಪ್ರಯಾಣಿಕರು ನಗುವುದು ಕೇಳಿಸಿತು. ಹಟಕ್ಕೆ ಬಿದ್ದು ಕೈಯಲ್ಲೇ ದಾರ ಸುತ್ತತೊಡಗಿದಳು. ಹತ್ತು ಸುತ್ತಾಗುವಷ್ಟರಲ್ಲಿ ಶನಿವಾರದ ಖಾಲಿ ಕುರ್ಚಿಯೊಂದು ಕಣ್ಮುಂದೆ ಬಂತು. ಬಾಬಿನ್ ಕೆಳಗಿಟ್ಟು ಹೋಗಿ ಮಲಗಿದಳು. ಬೈದುಕೊಂಡೇ ಮಲಗಿದಳು.

ಶುಕ್ರವಾರ ಯಾರ ಕೈಯನ್ನೂ ಹಿಡಿಯದೆ ಎದ್ದಳು. ಶನಿವಾರ ಮಧ್ಯಾಹ್ನ ಪರದೆ ಮುಗಿದಾಗ ಇನ್ನೂ ಒಂದು ಬಾಬಿನ್ ಉಳಿದಿತ್ತು.

ಸಂಜೆ ಪರದೆ ಸರಿಯಿತು. ಮುಂದಿನ ಸಾಲಿನಲ್ಲಿ ಅಮ್ಮನನ್ನು ಕಂಡ ರಾಜ, ಆಡಬೇಕಾದ ಮಾತು ಮರೆತು, ಅಂಟಿಸಿದ ಮೀಸೆಯಡಿ ಹಲ್ಲು ಕಿರಿದು ನಿಂತುಬಿಟ್ಟ.

"ಮಾತಾಡೇ," ಎಂದಳು ಟೈಲರಕ್ಕ ಕೂತಲ್ಲಿಂದಲೇ. "ನಾನೆಲ್ಲೂ ಹೋಗಲ್ಲ, ಕೊನೇವರೆಗೂ ಇರ್ತೀನಿ."