ನನ್ನ ಮೇಲೆ ಬೀಳದ ಏಟು

ನಮ್ಮ ಯಜಮಾನರು ನನ್ನ ಕೆನ್ನೆಗೆ ಹೊಡೆದಿದ್ದರು ಎಂಬ ಸಂಗತಿ ನನಗೆ ಗೊತ್ತಾದದ್ದು ಪಕ್ಕದ ಮನೆಯಾಕೆಯಿಂದ.

ಗೋಂಗೂರ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಆಕೆ ನನ್ನ ಆತ್ಮಕಥೆಯ ಪುಸ್ತಕವನ್ನು ಎದೆಗೊತ್ತಿಕೊಂಡು ಬಂದವಳೇ ನನ್ನ ಎರಡೂ ಕೈ ಹಿಡಿದು ಅಳಲು ಶುರುಮಾಡಿದಳು. "ವದಿನಾ, ಕ್ವಾರ್ಟರ್ಸ್‌ನಲ್ಲಿ ನಮ್ಮಿಬ್ಬರ ನಡುವೆ ಒಂದೇ ಗೋಡೆ ಇತ್ತಲ್ಲ, ನನಗೆ ಒಂದು ದಿನವೂ ಕೇಳಿಸಲಿಲ್ಲವಲ್ಲ!" ಇಲ್ಲಿ ವಿಶಾಖಪಟ್ಟಣದಲ್ಲಿ ಅಕ್ಕಪಕ್ಕದವರು ಅತ್ತಿಗೆ ಎಂದೇ ಕರೆಯುವುದು, ಅದೇ ವದಿನ. ಏನು ಕೇಳಿಸಲಿಲ್ಲ ಮಾರಾಯ್ತಿ ಅಂದೆ. ಪುಸ್ತಕ ಬಿಚ್ಚಿ ಗಟ್ಟಿಯಾಗಿ ಓದಿದಳು. ಮದುವೆಯಾದ ಎರಡನೇ ವರ್ಷ, ಗಂಡ ಕಾರ್ಖಾನೆಯ ಬೆಳಗಿನ ಪಾಳಿ, ಎ ಶಿಫ್ಟು, ಮುಗಿಸಿ ಮಧ್ಯಾಹ್ನ ಎರಡು ಗಂಟೆಗೆ ಬಂದನಂತೆ, ಅನ್ನ ಆಗಿರಲಿಲ್ಲವಂತೆ, ಬೂಟು ಬಿಚ್ಚುವ ಮೊದಲೇ ಕೆನ್ನೆಗೆ ಬಾರಿಸಿದನಂತೆ. ನನ್ನ ಕಿವಿಯೋಲೆ ಮುರಿದು ಅಕ್ಕಿ ಡಬ್ಬಿಯೊಳಗೆ ಬಿತ್ತಂತೆ.

ಅಯ್ಯೋ ದೇವರೇ! ಇದು ಸುಳ್ಳು ಕಣೇ, ನಾನು ಹೀಗೆ ಬರೆದೇ ಇಲ್ಲ ಎಂದರೆ ಆಕೆ ನನ್ನ ತಲೆ ಸವರಿ, "ಇರಲಿ ವದಿನಾ, ಈಗ ಯಾಕೆ ಮುಚ್ಚಿಡುತ್ತೀರಿ" ಎಂದುಬಿಟ್ಟಳು. ಹೋಗುವಾಗ ವರಾಂಡದಲ್ಲಿ ಪೇಪರ್ ಓದುತ್ತಿದ್ದ ಇವರತ್ತ ಕತ್ತೆತ್ತಿಯೂ ನೋಡಲಿಲ್ಲ. ಮೂವತ್ತು ವರ್ಷದಿಂದ "ಅನ್ನಯ್ಯಗಾರು" ಎಂದು ಬಾಯ್ತುಂಬ ಅಣ್ಣಾ ಎನ್ನುತ್ತಿದ್ದವಳು. ಇವರೂ ಏನಾಯಿತು ಎಂದು ಕೇಳಲಿಲ್ಲ.

ಪುಸ್ತಕ ತೆಲುಗಿನಲ್ಲಿದ್ದದ್ದು ನಮ್ಮ ಮಗಳಿಗೋಸ್ಕರ. ವಿಶಾಖಪಟ್ಟಣದಲ್ಲೇ ಹುಟ್ಟಿ ಬೆಳೆದವಳು, ಋಷಿಕೊಂಡದ ಆಫೀಸೊಂದರಲ್ಲಿ ಕೆಲಸ. ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಅವಳು ಓದಲೆಂದೇ ಉಕ್ಕಿನ ಕಾರ್ಖಾನೆಯ ಟೌನ್‌ಶಿಪ್ಪಿನಲ್ಲಿ ಕಳೆದ ನಮ್ಮ ಬದುಕನ್ನು ನನಗೆ ಬರುವ ಕನ್ನಡದಲ್ಲೇ ಮೂರು ನೋಟ್‌ಬುಕ್ಕಿನಲ್ಲಿ ಬರೆದಿದ್ದೆ. ವಿಜಯವಾಡದ ಪ್ರಕಾಶಕರೊಬ್ಬರು ಬಳ್ಳಾರಿ ಕಡೆ ಓದಿದವರು, ಕನ್ನಡ ಚೆನ್ನಾಗಿ ಬರುತ್ತದೆ. ತಾವೇ ತೆಲುಗಿಗೆ ತಂದು ಅಚ್ಚು ಹಾಕುತ್ತೇನೆಂದರು. ನಾನು ಕುಣಿದಾಡಿಬಿಟ್ಟೆ.

ತೆಲುಗು ನನಗೆ ನೀರು ಕುಡಿದಷ್ಟು ಸುಲಭ, ಮಾತಾಡಲು ಮಾತ್ರ. ಅಂಗಡಿ ಬೋರ್ಡು, ಬಸ್ಸಿನ ಬೋರ್ಡು ಓದುತ್ತೇನೆ. ಪುಸ್ತಕ ಹಿಡಿದರೆ ಅರ್ಧ ಪುಟಕ್ಕೆ ತಲೆನೋವು. ಹಾಗಾಗಿ ಪ್ರೂಫ್ ಬಂದಾಗ ಇವರ ಕೈಗೆ ಕೊಟ್ಟೆ. ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಮೂವತ್ತು ವರ್ಷ ತೆಲುಗು ಕಾಗದಗಳ ಜೊತೆಗೇ ಬಾಳಿದವರು. ನೋಟ್‌ಬುಕ್ಕನ್ನು ಮಾತ್ರ ಒಂದು ದಿನವೂ ಮುಟ್ಟಗೊಟ್ಟಿರಲಿಲ್ಲ, ಅಚ್ಚಾದ ಮೇಲೆ ಓದಿ ಅಂದಿದ್ದೆ. ಪ್ರೂಫ್ ಕೊಡುವಾಗಲೂ ಜಂಬದಿಂದಲೇ ಹೇಳಿದೆ, "ನೀವು ಅಕ್ಷರ ನೋಡಿ ಸಾಕು. ವಿಷಯಕ್ಕೆ ಬಾಯಿ ಹಾಕಬೇಡಿ." ನಾಲ್ಕು ದಿನ ಪೆನ್ಸಿಲ್ ಹಿಡಿದು ಕೂತು, ಪ್ರತಿ ಪುಟದ ಕೆಳಗೂ ಸಹಿ ಹಾಕಿ ಕೊಟ್ಟರು. ಚೆನ್ನಾಗಿದೆಯಾ ಅಂದಿದ್ದಕ್ಕೆ "ಹೂಂ" ಅಂದರು. ಅವರ ಹೂಂ ಯಾವಾಗಲೂ ಅಷ್ಟೇ ಎಂದು ನಾನೂ ಬಿಟ್ಟೆ. ಪುಸ್ತಕ ಬಂದ ದಿನ ಸಿಂಹಾಚಲಂ ಬೆಟ್ಟಕ್ಕೆ ಒಯ್ದು ಸ್ವಾಮಿಯ ಮುಂದೆ ಇಟ್ಟು ಪೂಜೆ ಮಾಡಿಸಿದೆ. ಆ ಸುಳ್ಳಿಗೂ ಸೇರಿಸಿ ಕುಂಕುಮ ಹಚ್ಚಿಸಿಕೊಂಡು ಬಂದೆನಲ್ಲ, ಎಂಥ ಪೆದ್ದಿ ನಾನು.

ಮಗಳಿಗೆ ಫೋನ್ ಮಾಡಿದೆ. ಟೈಮ್ ಸಿಕ್ಕಿಲ್ಲಮ್ಮ, ಇನ್ನೂ ಓದಿಲ್ಲ ಅಂದಳು. ಜನ್ಮದಲ್ಲಿ ಮೊದಲ ಸಲ ಅವಳ ಸೋಮಾರಿತನಕ್ಕೆ ಕೈ ಮುಗಿದೆ. ಮುಟ್ಟಬೇಡ ಎಂದು ಹೇಳಿ, ಮರುದಿನ ಬೆಳಗ್ಗೆ ವಿಜಯವಾಡದ ರೈಲು ಹತ್ತಿದೆ. ಪುಸ್ತಕದ ಕೆಲಸ ಇದೆ ಅಂದಿದ್ದಕ್ಕೆ ಇವರು ತಾವೇ ಮೊಸರನ್ನ ಕಲಸಿ ಡಬ್ಬಿಗೆ ಹಾಕಿಕೊಟ್ಟರು.

ಪ್ರಕಾಶಕರ ಅಚ್ಚುಮನೆ ಆಟೋನಗರದಲ್ಲಿ, ಲಾರಿ ಬಾಡಿ ಕಟ್ಟುವ ಎರಡು ಶೆಡ್ಡುಗಳ ಮಧ್ಯೆ. ಸುತ್ತಿಗೆ ಸದ್ದಿಗೆ ಕೂಗಿಯೇ ಮಾತಾಡಬೇಕು. ನನಗೆ ಅದೇ ಬೇಕಾಗಿತ್ತು.

"ಯಾರು ರೀ ನನಗೆ ಹೊಡೆದಿದ್ದು? ನೀವು ಬಂದು ನೋಡಿದ್ರಾ?"

ಅವರಿಗೆ ಒಂಚೂರೂ ಗಾಬರಿಯಿಲ್ಲ. "ಕೂತ್ಕೊಳ್ಳಿ ಅಮ್ಮಾ. ನೀವು ಬರೆದಿದ್ದು ಬಂಗಾರ. ಆದ್ರೆ ಕಾಫಿ, ಡ್ಯೂಟಿ, ಹಬ್ಬ, ಮಗಳ ಸ್ಕೂಲು, ಇಷ್ಟೇ ಆದ್ರೆ ಯಾರು ಓದ್ತಾರಂಡಿ? ಹೆಂಗಸಿನ ಆತ್ಮಕಥೆ ಅಂದ್ರೆ ಒಂದು ನೋವು ಬೇಕು. ಎಲ್ಲರೂ ಮಾಡ್ತಾರೆ. ನೀವೇ ಫೋನಲ್ಲಿ ಹೇಳಿದ್ರಿ, ಊಟ ಐದು ನಿಮಿಷ ತಡ ಆದ್ರೆ ಅವರಿಗೆ ಮೂಗಿನ ತುದೀಲಿ ಕೋಪ ಅಂತ. ಸ್ವಲ್ಪ ಬೆಳೆಸಿಕೊಳ್ಳಲಾ ಅಂದೆ, ನಿಮಗೆ ಹೇಗೆ ಬೇಕೋ ಹಾಗೆ ಮಾಡ್ಕೊಳ್ಳಿ ಅಂದ್ರಿ."

ಅಂದಿದ್ದೆ. ಪುಸ್ತಕ ಬರುವ ಖುಷಿಯಲ್ಲಿ ನಗುನಗುತ್ತಾ ಅಂದಿದ್ದೆ. ಕೋಪ ಬಂದರೆ ಇವರು ಮಾಡುತ್ತಿದ್ದದ್ದು ಇಷ್ಟೇ: ಮಾತು ಬಿಟ್ಟು, ಅವಲಕ್ಕಿಗೆ ಮೊಸರು ಹಾಕಿಕೊಂಡು ತಿಂದು, ಗೋಡೆಗೆ ಮುಖ ಮಾಡಿ ಮಲಗುವುದು.

"ಅದೂ ಅಲ್ಲದೆ," ಎನ್ನುತ್ತಾ ಅವರು ಪ್ರೂಫ್ ಕಟ್ಟು ತೆಗೆದು ನನ್ನ ಮುಂದೆ ಇಟ್ಟರು. "ಸಾರ್ ಎಲ್ಲ ಪುಟ ನೋಡಿ ಸಹಿ ಹಾಕಿದ್ದಾರೆ. ತಪ್ಪೂ ತಿದ್ದಿದ್ದಾರೆ. ಅವರೇ ಒಪ್ಪಿದ ಮೇಲೆ ನಂದೇನು ತಪ್ಪು?"

ಆ ಪುಟ ಹುಡುಕಿದೆ. ಪ್ರೂಫಿನಲ್ಲಿ, ಎ ಶಿಫ್ಟು ಮುಗಿಸಿ ಸಂಜೆ ಆರಕ್ಕೆ ಬಂದ ಎಂದಿತ್ತು. ಎ ಶಿಫ್ಟು ಮುಗಿಯುವುದು ಮಧ್ಯಾಹ್ನ ಎರಡಕ್ಕೆ ಎಂದು ಟೌನ್‌ಶಿಪ್ಪಿನ ಕೂಸಿಗೂ ಗೊತ್ತು. ಇವರು "ಸಂಜೆ ಆರು" ಹೊಡೆದುಹಾಕಿ, ಮಗ್ಗುಲಲ್ಲಿ ಪೆನ್ಸಿಲಿನಲ್ಲಿ ಗುಂಡಗೆ "ಮಧ್ಯಾಹ್ನ ಎರಡು" ಎಂದು ಬರೆದಿದ್ದರು. ಅದರ ಕೆಳಗಿನ ಸಾಲಿನಲ್ಲೇ ಏಟು. ಅದನ್ನು ಮುಟ್ಟಿರಲಿಲ್ಲ. ಪುಟದ ಕೆಳಗೆ ಸಹಿ.

ಇದ್ದ ಪ್ರತಿಗಳನ್ನೆಲ್ಲ ವಾಪಸು ತರಿಸಿ, ಇಲ್ಲದಿದ್ದರೆ ಈ ಬಾಗಿಲಲ್ಲೇ ಕೂರುತ್ತೇನೆ ಎಂದು ಹೇಗೋ ಹೇಳಿದೆ. ಅಂಗಡಿಗೆ ಹೋದದ್ದು ಹೋಯಿತಮ್ಮಾ, ಮುಂದಿನ ಮುದ್ರಣದಲ್ಲಿ ತೆಗೆಯೋಣ ಎಂದರು. ಮತ್ತೆ ಜಗಳವಾಡಿದೆ. ಆದರೆ ನನ್ನ ಕಣ್ಣೆಲ್ಲ ಆ ಪೆನ್ಸಿಲ್ ಅಕ್ಷರದ ಮೇಲೇ ಇತ್ತು.

ಆ ದಿನ ವಿಜಯವಾಡದಲ್ಲಿ ಪರಿಚಯದವರ ಮನೆಯಲ್ಲಿ ಉಳಿದು ಮರುದಿನ ಮಧ್ಯಾಹ್ನ ಮನೆ ಸೇರಿದೆ. ಇವರು ಅನ್ನ ಮಾಡಿಟ್ಟಿದ್ದರು. ಆಗ ಹೊಳೆಯಿತು ನನಗೆ. ಪ್ರೂಫ್ ನೋಡಿದ ಮೇಲಿನ ಎಂಟು ತಿಂಗಳಿಂದ ಅನ್ನಕ್ಕಿಡುವವರು ಇವರೇ. ಬೆಳಗಿನ ಕಾಫಿ ಇವರದೇ. ನಾನು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ, ರಿಟೈರಾದ ಮೇಲೆ ನಮ್ಮವರು ಎಷ್ಟು ಒಳ್ಳೆಯವರಾಗಿದ್ದಾರೆ ಎಂದು.

"ಅಲ್ಲಾ ರೀ, ಅದನ್ನ ಓದಿ ಸುಮ್ನೆ ಯಾಕಿದ್ರಿ? ಯಾವತ್ತು ರೀ ಹೊಡೆದ್ರಿ ನೀವು ನಂಗೆ?"

ಕೈಲಿದ್ದ ಸೌಟು ಕೆಳಗಿಟ್ಟರು. "ನಂಗೆ ನೆನಪಿಲ್ಲ ಕಣೇ. ನೀನು ಬರೆದಿದ್ದೀಯಲ್ಲ, ಹೊಡೆದಿರ್ಬೇಕು, ನಾನೇ ಮರ್ತಿದ್ದೀನಿ ಅಂದ್ಕೊಂಡೆ. ಮೂವತ್ತು ವರ್ಷ ಹೊಟ್ಟೇಲಿ ಇಟ್ಕೊಂಡಿದ್ದಾಳೆ, ಈಗ ಹೇಳ್ಕೊಳ್ಲಿ ಅನ್ನಿಸ್ತು. ವಿಷಯಕ್ಕೆ ಬಾಯಿ ಹಾಕ್ಬೇಡ ಅಂತ ನೀನೇ ಅಂದಿದ್ದೆ. ಟೈಮ್ ಒಂದು ತಪ್ಪಿತ್ತು, ಅದನ್ನ ತಿದ್ದಿದೆ."

ಅಳುವೋ ಸಿಟ್ಟೋ ತಿಳಿಯಲಿಲ್ಲ. "ನೀವು ಹೊಡೆದಿಲ್ಲ ರೀ! ಒಂದು ಸಲಾನೂ ಇಲ್ಲ! ಆ ಮನುಷ್ಯ ಕಟ್ಟಿದ ಕತೆ ಅದು!"

"ಸಮಾಧಾನಕ್ಕೆ ಹೇಳ್ಬೇಡ. ಓದ್ತಾ ಓದ್ತಾ ನಂಗೂ ನೆನಪಾಯ್ತು. ನೀನು ಹಸಿರು ಸೀರೆ ಉಟ್ಟಿದ್ದೆ." ಪುಸ್ತಕದಲ್ಲಿ ಸೀರೆಯ ಮಾತೇ ಇಲ್ಲ.

ಓಡಿಹೋಗಿ ಬೀರುವಿನಿಂದ ಎರಡನೇ ನೋಟ್‌ಬುಕ್ಕು ತಂದು, ಆ ಮಧ್ಯಾಹ್ನದ ಪುಟ ಬಿಚ್ಚಿ ಅವರ ಕೈಗಿಟ್ಟೆ. ಅಚ್ಚಾಗುವ ತನಕ ಮುಟ್ಟಬೇಡಿ ಎಂದು ನಾನೇ ಬಚ್ಚಿಟ್ಟಿದ್ದು. ಕನ್ನಡಕ ಹಾಕಿಕೊಂಡರು. ಅಭ್ಯಾಸಬಲದಿಂದ ಜೇಬಿನ ಪೆನ್ಸಿಲಿಗೆ ಕೈ ಹೋಯಿತು, ನಾನು ಕಿತ್ತುಕೊಂಡೆ. ಅನ್ನ ಆಗಿರಲಿಲ್ಲ, ಇವರು ಮಾತಾಡದೆ ಅವಲಕ್ಕಿ ಮೊಸರು ತಿಂದು ಮಲಗಿದರು, ಸಂಜೆ ಎದ್ದು ತಾವೇ ನಕ್ಕರು ಎಂದು ನಾಲ್ಕೇ ಸಾಲು. ಬೆರಳಿಟ್ಟು ಓದಿದರು. ಮತ್ತೆ ಮೊದಲಿನಿಂದ ಓದಿದರು. ನನಗೆ ಉಸಿರು ಬಂದಂತಾಯಿತು.

ಆಮೇಲೆ ಹಾಳೆಯ ಮೂಲೆ, ಅಂಚು, ಹಿಂಬದಿ ಎಲ್ಲ ತಿರುಗಿಸಿ ನೋಡಿದರು. ಕಾರ್ಖಾನೆಯಲ್ಲಿ ಕಾಗದ ನೋಡುತ್ತಿದ್ದ ಹಾಗೆಯೇ.

"ಇದರಲ್ಲಿ ತಾರೀಖಿಲ್ಲ," ಎಂದರು ಮೆಲ್ಲಗೆ. "ಇದನ್ನ ನೀನು ಮುಂಚೆ ಬರೆದದ್ದಾ, ಇವತ್ತು ನನಗೋಸ್ಕರ ಬರೆದದ್ದಾ?"